ಧ್ಯಾನ ಕೂಟದ ಸಮಾನತೆಯ ಸಂಕಲ್ಪ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಜನಾಂಗ ಸಮಾನತೆಗೆ ಬದ್ಧವೆಂದು ಘೋಷಿಸಿಕೊಂಡಿರುವ ಅಮೆರಿಕದ ಕೆಲವು ಧ್ಯಾನ ಸಂಸ್ಥೆಗಳಂತೆ ಮಡಿಕೇರಿಯ ನಮ್ಮ ಕೂಟವೂ ಒಂದು ಸಂಕಲ್ಪವನ್ನು ಬರೆಯಲು ಹೊರಟಿದೆ. ಆದರೆ ನಮ್ಮಲ್ಲಿ ಇಲ್ಲಿನ ಆದಿವಾಸಿಗಳಾದ ಯರವ, ಪಣಿಯ, ಜೇನುಕುರುಬ ಸಮುದಾಯಗಳ ಸದಸ್ಯರು ಒಬ್ಬರೂ ಇಲ್ಲ. ಮೊದಲು ಏನು ಮಾಡಬೇಕು?

ಉತ್ತರ 1: ಬರೆಯುವ ಮೊದಲು ಕೇಳಿಸಿಕೊಳ್ಳಿ. 2016ರ ಡಿಸೆಂಬರಿನಲ್ಲಿ ನಮ್ಮದೇ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಬಯಲಿಗೆ ಬಿದ್ದವರಲ್ಲಿ ಅನೇಕರು ಕಾಫಿ ತೋಟದ ಲೈನ್‌ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಇದ್ದು ದುಡಿದವರು. ಅವರು ಕೇಳಿದ್ದು ಮನಶ್ಶಾಂತಿಯ ಪಾಠವನ್ನಲ್ಲ, ಕಾಲೂರಲು ಸ್ವಂತ ನೆಲವನ್ನು. ಇದನ್ನು ಬರೆಯುವಾಗ ಇಂದಿಗೂ ನನ್ನ ಮನಸ್ಸು ಭಾರವಾಗುತ್ತದೆ.

ಉತ್ತರ 2: ಹಾಗೆಂದು ಧ್ಯಾನವನ್ನು ಬಿಡಬೇಕಿಲ್ಲ. ಸಮಾನತೆಯನ್ನು ಬಯಸಿಯೇ ಅಂಬೇಡ್ಕರ್ ಅವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬುದ್ಧನ ಮಾರ್ಗವನ್ನು ಸ್ವೀಕರಿಸಿದರು. ಕೂಟವನ್ನು ತೋಟದ ರಜೆಯ ದಿನ ಆದಿವಾಸಿಗಳು ವಾಸಿಸುವ ಹಾಡಿಯಲ್ಲೇ ಸೇರಿಸಿ, ಕಾಡಿನ ನೆಲದ ಮೇಲೆ ಅವರ ಹಕ್ಕನ್ನು ಮಾನ್ಯ ಮಾಡುವ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳನ್ನು ತುಂಬಲು ಜೊತೆಗೆ ಕುಳಿತುಕೊಳ್ಳಿ.