ಹುಣಸೆಮರದ ಮ್ಯಾನ್‌ಹೋಲ್ ಮತ್ತು 43ನೇ ವಿಷಯ

ಮನೆ 31, 3ನೇ ಅಡ್ಡರಸ್ತೆ (ರಾತ್ರಿ 2:40)
ಹುಣಸೆಮರದ ಕೆಳಗಿನ ಮ್ಯಾನ್‌ಹೋಲ್ ಮತ್ತೆ ಉಕ್ಕಿದೆ. ಈ ಬಾರಿ ಕೊಳಚೆ ರಸ್ತೆಯಲ್ಲಿ ನಿಂತಿಲ್ಲ. ನಮ್ಮ ಬಚ್ಚಲಿನ ಜಾಲರಿಯಿಂದ ಮೇಲೆದ್ದು, ನಡುಮನೆ ದಾಟಿ, ಅಮ್ಮನ ಮಂಚದ ಕಾಲಿನವರೆಗೆ ಬಂದಿದೆ. ಅಮ್ಮ ಎದ್ದು ನಡೆಯಲಾರರು ಎಂಬುದು ನಿಮಗೆಲ್ಲ ಗೊತ್ತು. ನಾನೂ ಮಗಳೂ ಕಸದ ಮೊರದಲ್ಲಿ ಅದನ್ನು ಗೋರಿ ಬಕೆಟ್‌ಗೆ ತುಂಬುತ್ತಿದ್ದೇವೆ. ಸಹಾಯವಾಣಿಗೆ ನಾಲ್ಕು ಬಾರಿ ಕರೆ ಮಾಡಿದೆ, ಬೆಳಿಗ್ಗೆ ನೋಡುತ್ತೇವೆ ಎಂದರು. ನನಗೆ ಸಮಾಧಾನದ ಮಾತು ಬೇಡ, ಕೈಮುಗಿದ ಚಿತ್ರ ಬೇಡ. ಬೆಳಿಗ್ಗೆ ಯಾರು ಯಾರು ಬರುತ್ತೀರಿ, ಅದನ್ನು ಮಾತ್ರ ಬರೆಯಿರಿ.

ಮನೆ 29, 3ನೇ ಅಡ್ಡರಸ್ತೆ (2:52)
ನಮ್ಮಲ್ಲಿಯೂ ಬಂದಿದೆ. ಬಚ್ಚಲಿನ ಬಾಯಿಗೆ ಮರಳುಚೀಲ ಒತ್ತಿದ್ದೇವೆ. ಮಗನನ್ನು ಕಳುಹಿಸುತ್ತಿದ್ದೇನೆ, ಬಾಗಿಲು ತೆಗೆದಿಡಿ.

ಮನೆ 8, 1ನೇ ಮುಖ್ಯರಸ್ತೆ (5:31)
ಎಲ್ಲರಿಗೂ ಶುಭೋದಯ. (ಕಮಲದ ಚಿತ್ರ)

ಮನೆ 29 (5:33)
ದಯವಿಟ್ಟು ಹಿಂದಿನ ಎರಡು ಸಂದೇಶಗಳನ್ನು ಓದಿ.

ಮನೆ 2, 1ನೇ ಮುಖ್ಯರಸ್ತೆ (6:10)
ಓದಿದೆ, ಬೇಸರವಾಯಿತು. ಆದರೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಈ ವಿಷಯದಲ್ಲಿ ಸಂಘ ಕೈಕಟ್ಟಿ ಕುಳಿತಿಲ್ಲ. ಆರು ಇಂಚಿನ ಕೊಳವೆ ತೆಗೆದು ಒಂಬತ್ತು ಇಂಚಿನದು ಹಾಕಬೇಕೆಂದು ಮೂರು ಮನವಿಗಳನ್ನು ನಾನೇ ಕೊಟ್ಟಿದ್ದೇನೆ, ಸ್ವೀಕೃತಿ ಮುದ್ರೆ ನನ್ನ ಕಡತದಲ್ಲಿದೆ. ಯಾರೂ ಆವೇಶದಲ್ಲಿ ಕಚೇರಿಗೆ ನುಗ್ಗಬಾರದು. ಹೋಗುವುದಾದರೆ ಸಂಘದ ಲೆಟರ್‌ಹೆಡ್‌ನಲ್ಲಿ, ಅಧ್ಯಕ್ಷನ ಸಹಿಯೊಂದಿಗೆ ಹೋಗೋಣ.

ಮನೆ 54, 5ನೇ ಅಡ್ಡರಸ್ತೆ (6:48)
ಯಾರಾದರೂ ಒಬ್ಬನನ್ನು ಕರೆತಂದು ಚೇಂಬರಿಗೆ ಇಳಿಸಿದರೆ ಅರ್ಧ ಗಂಟೆಯ ಕೆಲಸ. ಖರ್ಚನ್ನು ಹಂಚಿಕೊಳ್ಳೋಣ.

ಮನೆ 17, 3ನೇ ಅಡ್ಡರಸ್ತೆ (6:55)
ಆ ಮಾತನ್ನು ಮತ್ತೆ ಆಡಬೇಡಿ. ಹೀಗೆ ರಕ್ಷಣಾ ಸಾಧನವಿಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ನಿಷೇಧಿಸಿದೆ. ಕಾನೂನು ಇಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಒಳಗಿನ ಅನಿಲಕ್ಕೆ ಒಂದು ಉಸಿರು ಸಾಕು, ಮೊದಲು ಇಳಿದವನನ್ನು ಎತ್ತಲು ಹೋದ ಎರಡನೆಯವನೂ ಉಳಿಯುವುದಿಲ್ಲ. ರಭಸದ ನೀರಿನಿಂದ ಕೊಳವೆ ಬಿಡಿಸುವ ಜೆಟ್ಟಿಂಗ್ ಯಂತ್ರವೇ ಬರಬೇಕು.

ಮನೆ 54 (7:02)
ಸರಿ, ತಪ್ಪಾಯಿತು. ಆದರೆ ಕೆಳಗಿನ ಬೀದಿಯವರು ಕಾರು ಹತ್ತಿಸಲು ಚರಂಡಿಯ ಮೇಲೆ ಕಾಂಕ್ರೀಟ್ ಸುರಿದುಕೊಂಡಿದ್ದೀರಿ. ಮಳೆನೀರು ಹರಿಯಲು ಜಾಗವೆಲ್ಲಿದೆ? ಅದನ್ನೂ ಹೇಳಿ.

ಮನೆ 17 (7:15)
ಹೇಳುತ್ತೇನೆ. ಇಳಿಜಾರು ಕಟ್ಟಿದ್ದು ತಪ್ಪು. ನಮ್ಮ ಮನೆಯದೂ ಇದೆ, ಒಡೆಸಲು ನಾನು ಸಿದ್ಧಳಿದ್ದೇನೆ. ಆದರೆ ಒಳಚರಂಡಿ ಉಕ್ಕುವುದು ಮಳೆ ಬಂದ ರಾತ್ರಿ ಮಾತ್ರ ಏಕೆ ಎಂದು ಯೋಚಿಸಿದ್ದೀರಾ? ಮೇಲಿನ ಬೀದಿಯ ಎಷ್ಟೋ ಮನೆಗಳ ತಾರಸಿಯ ನೀರು ನೇರವಾಗಿ ಒಳಚರಂಡಿಗೆ ಇಳಿಯುತ್ತಿದೆ. ಲೆಕ್ಕ ಹಾಕಿ. 30×40 ನಿವೇಶನ ಎಂದರೆ ಸುಮಾರು 111 ಚದರ ಮೀಟರ್. 50 ಮಿ.ಮೀ. ಮಳೆ ಸುರಿದರೆ ಒಂದೇ ತಾರಸಿಯಿಂದ ಐದೂವರೆ ಸಾವಿರ ಲೀಟರ್ ನೀರು. ಒಳಚರಂಡಿ ಇರುವ ನಗರದಲ್ಲಿ ಒಬ್ಬರ ಬಳಕೆಗೆ ದಿನಕ್ಕೆ 135 ಲೀಟರ್ ನೀರು ಎಂದು ಲೆಕ್ಕ ಹಿಡಿಯುತ್ತಾರೆ, ನಾಲ್ವರ ಮನೆಗೆ 540 ಆಯಿತು. ಅಂದರೆ ಹತ್ತು ದಿನಗಳ ಬಳಕೆಯ ನೀರು ಒಂದೆರಡು ಗಂಟೆಗಳಲ್ಲಿ ಆರು ಇಂಚಿನ ಕೊಳವೆಗೆ ನುಗ್ಗುತ್ತದೆ. ಅದು ತಗ್ಗಿನಲ್ಲಿರುವ ನಮ್ಮ ಬಚ್ಚಲಿನಲ್ಲಿ ಏಳದೆ ಇನ್ನೆಲ್ಲಿ ಏಳಬೇಕು?

ಮನೆ 54 (7:19)
ನಮ್ಮ ಮನೆಯ ಕೊಳವೆ ಚರಂಡಿಗೇ ಇದೆ. ಬಂದು ನೋಡಬಹುದು.

ಮನೆ 61, 5ನೇ ಅಡ್ಡರಸ್ತೆ (7:22)
ನಮ್ಮ ಮನೆ ಕಟ್ಟಿದ ಗುತ್ತಿಗೆದಾರರು ಯಾವುದಕ್ಕೆ ಜೋಡಿಸಿದರೋ ನಮಗೆ ತಿಳಿಯದು. ಎಲ್ಲರೂ ಹಾಗೆಯೇ ಮಾಡಿದ್ದಾರೆ. ನಮ್ಮನ್ನೇ ಏಕೆ ಬೆರಳು ಮಾಡಿ ತೋರಿಸುತ್ತೀರಿ?

ಮನೆ 45, 4ನೇ ಅಡ್ಡರಸ್ತೆ (7:30)
ದೋಣಿ ಕೊಳ್ಳುವವರು ತಿಳಿಸಿ, ಇಬ್ಬರಿದ್ದರೆ ರಿಯಾಯಿತಿ ಸಿಗುತ್ತದೆಯಂತೆ.

ಮನೆ 31 (7:41)
ನನ್ನ ತಾಯಿಯನ್ನು ಈಗ ತಾನೇ ಅಕ್ಕನ ಮನೆಗೆ ಸಾಗಿಸಿ ಬಂದೆ. ತಮಾಷೆಗೆ ಬೇರೆ ಗುಂಪುಗಳಿವೆ.

ಇನ್ನು ಮೂರು ಮನವಿಗಳ ಮಾತು. ಅವು ಏನಾದವು ಎಂದು ನೋಡಲು ಕಳೆದ ತಿಂಗಳು ಪಾಲಿಕೆಯ ಸಾಮಾನ್ಯ ಸಭೆಗೆ ಹೋಗಿ ಸಾರ್ವಜನಿಕರ ಗ್ಯಾಲರಿಯಲ್ಲಿ ದಿನವಿಡೀ ಕುಳಿತಿದ್ದೆ. ಗುಂಪಿನಲ್ಲಿ ಅದನ್ನು ಬರೆದಾಗ ಯಾರೂ ಓದಲಿಲ್ಲ, ಆದ್ದರಿಂದ ಮತ್ತೆ ಬರೆಯುತ್ತೇನೆ. ನಮ್ಮ ಕೊಳವೆ ಕಾರ್ಯಸೂಚಿಯಲ್ಲಿ 43ನೇ ವಿಷಯ. ಸಭೆ 11 ಗಂಟೆಗೆಂದು ನೋಟಿಸ್ ಇತ್ತು. ಕೋರಂ ಆಗಲು ಮೂರನೇ ಒಂದು ಭಾಗ ಸದಸ್ಯರು ಬೇಕು, ಅಷ್ಟು ಜನ ಸೇರುವಷ್ಟರಲ್ಲಿ 12 ದಾಟಿತ್ತು. ಸಂತಾಪ ಸೂಚನೆ, ಮೌನ. ನಂತರ ಹಿಂದಿನ ಸಭೆಯ ನಡಾವಳಿಯನ್ನು ದೃಢೀಕರಿಸಬೇಕು. ಒಬ್ಬ ಸದಸ್ಯರು ಎದ್ದು, ನಾನು ಆಡಿದ ಮಾತು ನಡಾವಳಿಯಲ್ಲಿ ದಾಖಲಾಗಿಲ್ಲ ಎಂದರು. ಅದರ ಮೇಲೆಯೇ ಮುಕ್ಕಾಲು ಗಂಟೆ ಹೋಯಿತು. ಆಮೇಲೆ ಒಂದು ವೃತ್ತಕ್ಕೆ ಯಾರ ಹೆಸರಿಡಬೇಕೆಂಬ ವಿಷಯ ಬಂತು. ಎರಡೂ ಪಕ್ಷದವರು ಪೀಠದ ಮುಂದೆ ನಿಂತು ಕೂಗಿದರು, ಸಭೆಯನ್ನು ಹತ್ತು ನಿಮಿಷ ಮುಂದೂಡಿದರು, ಆ ಹತ್ತು ನಿಮಿಷ ಊಟದ ಹೊತ್ತಿನವರೆಗೆ ಬೆಳೆಯಿತು.

ಊಟವಾದ ಮೇಲೆ ಒಬ್ಬರು ವಿಷಯದ ಸಂಖ್ಯೆ ಓದುತ್ತಾ ಹೋದರು, ಸದಸ್ಯರು ಒಪ್ಪಿದೆ, ಒಪ್ಪಿದೆ ಎನ್ನುತ್ತಾ ಹೋದರು. ಟೆಂಡರ್ ದರದ ಅನುಮೋದನೆ, ಮಾಡಿ ಮುಗಿಸಿದ ಕೆಲಸಗಳಿಗೆ ಘಟನೋತ್ತರ ಮಂಜೂರಾತಿ, ಮಳಿಗೆಗಳ ಬಾಡಿಗೆ. ಇಪ್ಪತ್ತಾರು ವಿಷಯಗಳು ಮುಗಿದದ್ದು ಕಾಲು ಗಂಟೆಯಲ್ಲಿ. ಉಳಿದವು ಮುಂದಿನ ಸಭೆಗೆ ಎಂದು ಹೇಳಿ ಎದ್ದರು. ನಮ್ಮ ವಾರ್ಡಿನ ಸದಸ್ಯರು ಒಮ್ಮೆಯೂ ಬಾಯಿ ತೆರೆಯಲಿಲ್ಲ. ಗ್ಯಾಲರಿಯಲ್ಲಿ ಕುಳಿತವರಿಗೆ ಮಾತನಾಡುವ ಹಕ್ಕಿಲ್ಲ. ಆದರೆ ವೃತ್ತದ ಹೆಸರಿಗಾಗಿ ಬಂದಿದ್ದ ಮೂವತ್ತು ಜನ ನನ್ನ ಸುತ್ತ ಕುಳಿತಿದ್ದರು, ಸದಸ್ಯರು ಮತ್ತೆ ಮತ್ತೆ ಕತ್ತೆತ್ತಿ ಅವರನ್ನು ನೋಡುತ್ತಿದ್ದರು. ನಮ್ಮ ಬಡಾವಣೆಯಿಂದ ಇದ್ದದ್ದು ನಾನೊಬ್ಬಳೇ.

ಮುಂದಿನ ಸಭೆ 24ಕ್ಕೆ. ನನಗೆ ಹತ್ತು ಜನ ಬೇಕು. ಒಂದು ಪುಟದ ಅರ್ಜಿಯನ್ನು ಹಿಂದಿನ ದಿನವೇ ಸದಸ್ಯರ ಕೈಗೆ ಕೊಟ್ಟು, ಕಾರ್ಯಸೂಚಿಯಲ್ಲಿಲ್ಲದ ಮಾತನ್ನೂ ಎತ್ತಬಹುದಾದ ಶೂನ್ಯವೇಳೆಯಲ್ಲಿ ಪ್ರಸ್ತಾಪಿಸುತ್ತೀರಾ ಎಂದು ಕೇಳೋಣ. ಮರುದಿನ ಅವರಿಗೆ ಕಾಣುವಂತೆ ಕುಳಿತುಕೊಳ್ಳೋಣ. ಹೆಸರು ಬರೆಯಿರಿ.

ಮನೆ 29 (7:44)
1. ಮನೆ 31
2. ಮನೆ 29

ಮನೆ 17 (7:46)
3. ಮನೆ 17. ಅರ್ಜಿ ನಾನು ಬರೆಯುತ್ತೇನೆ.

ಮನೆ 2 (8:05)
ಸ್ವಲ್ಪ ತಾಳಿ. ಅರ್ಜಿಯ ಕರಡನ್ನು ಮೊದಲು ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಇಡಬೇಕು. ಅಲ್ಲದೆ ಇದು ಯಾವ ಸ್ಥಾಯಿ ಸಮಿತಿಗೆ ಸೇರಿದ್ದು ಎಂಬುದು ತೀರ್ಮಾನವಾಗದೆ ಸಭೆಯಲ್ಲಿ ಏನೂ ನಡೆಯುವುದಿಲ್ಲ. ರಾಜ್ಯದ ಮಹಾನಗರ ಪಾಲಿಕೆಗಳ 1976ರ ಕಾಯ್ದೆಯ ಪ್ರಕಾರ ನಾಲ್ಕು ಸ್ಥಾಯಿ ಸಮಿತಿಗಳಿವೆ: ತೆರಿಗೆ, ಹಣಕಾಸು ಮತ್ತು ಮೇಲ್ಮನವಿ; ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ; ಪಟ್ಟಣ ಯೋಜನೆ ಮತ್ತು ಸುಧಾರಣೆ; ಲೆಕ್ಕಪತ್ರ. ಹೂಳು ತೆಗೆಯುವುದು ಆರೋಗ್ಯ ಶಾಖೆಯ ಕೆಲಸ, ಕೊಳವೆ ಎಂಜಿನಿಯರಿಂಗ್ ಶಾಖೆಯದು. ಇದು ಗೊತ್ತಿಲ್ಲದವರು ಗ್ಯಾಲರಿಯಲ್ಲಿ ಕುಳಿತರೆ ಬಡಾವಣೆಯ ಮರ್ಯಾದೆ ಹೋಗುತ್ತದೆ.

ಮನೆ 31 (8:09)
ಮರ್ಯಾದೆ ನಿನ್ನೆ ರಾತ್ರಿ ನನ್ನ ನಡುಮನೆಯಲ್ಲಿ ತೇಲುತ್ತಿತ್ತು.

ಮನೆ 38, 3ನೇ ಅಡ್ಡರಸ್ತೆ (8:20)
ಏಪ್ರಿಲ್‌ನಲ್ಲೇ ಪೂರ್ತಿ ತೆರಿಗೆ ಕಟ್ಟಿದ್ದೇನೆ, 5% ರಿಯಾಯಿತಿಯನ್ನೂ ಪಡೆದಿದ್ದೇನೆ. ತೆರಿಗೆ ಕಟ್ಟಿದವನು ಗ್ಯಾಲರಿಯಲ್ಲಿ ಏಕೆ ಕಾಯಬೇಕು? ವಾರ್ಡ್ ಸಮಿತಿ ಎಲ್ಲಿದೆ? ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ, ಅದು ಜಾರಿಗೆ ಬಂದದ್ದು 1993ರಲ್ಲಿ. ಮಂಗಳೂರಿನ ನಾಗರಿಕರು ಹೈಕೋರ್ಟ್‌ವರೆಗೆ ಹೋಗಿ ವಾರ್ಡ್ ಸಮಿತಿ ಪಡೆದುಕೊಂಡರು. ನಾವು ಪಡೆದುಕೊಂಡದ್ದು ಲೆಟರ್‌ಹೆಡ್.

ಮನೆ 2 (8:24)
ಈ ಮಾತನ್ನು ಹಿಂತೆಗೆದುಕೊಳ್ಳಬೇಕು. ಉದ್ಯಾನದ ಬೇಲಿ, ಬೋರ್ಡು, ಎರಡು ವೇಗತಡೆಗಳು, ಎಲ್ಲವೂ ಆ ಲೆಟರ್‌ಹೆಡ್‌ನಿಂದಲೇ ಬಂದವು.

ಮನೆ 38 (8:26)
ವೇಗತಡೆ ನಿಮ್ಮ ಮನೆಯ ಮುಂದೆಯೇ ಬಂದಿದೆ.

ಮನೆ 2 (8:27)
ಅಲ್ಲಿ ತಿರುವಿದೆ. ಎಲ್ಲರಿಗೂ ಗೊತ್ತಿರುವ ವಿಷಯ.

ಮನೆ 61 (8:40)
ಅದಿರಲಿ, ಎರಡನೇ ವೇಗತಡೆಯಿಂದ ನಮ್ಮ ಯಜಮಾನರ ಸೊಂಟ ನೋವು ಹೆಚ್ಚಾಗಿದೆ. ಅದನ್ನು ತೆಗೆಸುವ ಬಗ್ಗೆ ಆಗಲೇ ಕೇಳಿದ್ದೆ, ಉತ್ತರ ಬಂದಿಲ್ಲ.

ಮನೆ 8 (8:43)
ಮಳೆಗಾಲದಲ್ಲಿ ಬರಿಹೊಟ್ಟೆಗೆ ಬಿಸಿನೀರಿನಲ್ಲಿ ಅರಿಶಿನ ಮತ್ತು ಮೆಣಸು ಹಾಕಿ ಕುಡಿದರೆ ಸೊಂಟ ನೋವು, ಮಂಡಿ ನೋವು ಹತ್ತಿರ ಸುಳಿಯುವುದಿಲ್ಲ. ಹತ್ತು ಜನರಿಗೆ ತಲುಪಿಸಿ.

ಮನೆ 17 (11:30)
ಜೆಟ್ಟಿಂಗ್ ಯಂತ್ರ ಬಂದು ಹೋಯಿತು. ಚೇಂಬರಿನಿಂದ ಬಂದದ್ದನ್ನು ನಾನು ನಿಂತು ನೋಡಿದೆ: ಚಿಂದಿ ಬಟ್ಟೆ, ಮಕ್ಕಳ ಡೈಪರ್, ಕಟ್ಟಡದ ಸಿಮೆಂಟ್ ಗಟ್ಟಿ, ತೆಂಗಿನ ನಾರು. ಈಗ ನೀರು ಇಳಿದಿದೆ. ಇನ್ನೊಂದು ಜೋರು ಮಳೆಗೆ ಮತ್ತೆ ಏಳುತ್ತದೆ ಎಂದು ಯಂತ್ರದವರೇ ಹೇಳಿದರು. ಅರ್ಜಿ ಸಿದ್ಧವಾಗಿದೆ. ಜೊತೆಗೆ 43ನೇ ವಿಷಯದ ಕಡತದ ಟಿಪ್ಪಣಿ ಕೇಳಿ ಮಾಹಿತಿ ಹಕ್ಕಿನಡಿ ಒಂದು ಅರ್ಜಿಯನ್ನೂ ಹಾಕೋಣ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು.

ಮನೆ 2 (11:52)
ಮಾಹಿತಿ ಹಕ್ಕಿನ ಅರ್ಜಿಯನ್ನು ನನಗೆ ಬಿಡಿ. ಬಡಾವಣೆ ಹಸ್ತಾಂತರವಾದ ದಿನದಿಂದ ಇಂದಿನವರೆಗಿನ ಎಲ್ಲ ಕಾಮಗಾರಿಗಳ ವಿವರ, ಗುತ್ತಿಗೆದಾರರ ಪಟ್ಟಿ, ಬೀದಿದೀಪ, ಉದ್ಯಾನ, ನೀರು, ಎಲ್ಲವನ್ನೂ ಸೇರಿಸಿ ನಾಲ್ಕು ಪುಟ ಬರೆದಿದ್ದೇನೆ.

ಮನೆ 17 (11:55)
ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಾಲ್ಕು ಪುಟ ಕೊಟ್ಟರೆ ತಿರಸ್ಕರಿಸಲು ಅವರಿಗೆ ನಾವೇ ಕಾರಣ ಕೊಟ್ಟಂತೆ. ದಯವಿಟ್ಟು ಕೊಳವೆಯೊಂದನ್ನೇ ಕೇಳೋಣ.

ಮನೆ 2 (11:58)
ನಾನು ಸೇವೆಯಲ್ಲಿದ್ದಾಗ ಇಂಥ ಅರ್ಜಿಗಳನ್ನು ಎಷ್ಟು ನೋಡಿದ್ದೇನೆ ಎಂದು ನಿಮಗೆ ತಿಳಿಯದು. ಒಂದು ಕೊಳವೆ ಕೇಳಿದರೆ ಒಂದು ಕೊಳವೆಯೇ ಸಿಗುತ್ತದೆ.

ಮನೆ 31 (12:01)
ನನಗೆ ಬೇಕಾಗಿರುವುದು ಒಂದೇ ಕೊಳವೆ.

ಮನೆ 45 (ಮರುದಿನ, ಬೆಳಿಗ್ಗೆ 9:14)
ನಿನ್ನೆಯ ತಮಾಷೆಗೆ ಕ್ಷಮೆ ಇರಲಿ. ಅದನ್ನು ಬರೆಯಬಾರದಿತ್ತು. ಪಟ್ಟಿಗೆ ನನ್ನ ಹೆಸರನ್ನೂ ಸೇರಿಸಿ, ನಾಲ್ಕನೆಯದು. ಆದರೆ ಒಂದು ಸುದ್ದಿ ತಿಳಿಯಿತು. 24ರಂದು ಸಾಮಾನ್ಯ ಸಭೆ ಇಲ್ಲವಂತೆ. ಮೇಯರ್ ಅವಧಿ ಒಂದೇ ವರ್ಷ, ಅದು ಈ ತಿಂಗಳು ಮುಗಿಯುತ್ತಿದೆ. ಅಂದು ಹೊಸ ಮೇಯರ್ ಮತ್ತು ಉಪಮೇಯರ್ ಚುನಾವಣೆ. ಪ್ರಾದೇಶಿಕ ಆಯುಕ್ತರು ಬಂದು ನಡೆಸುತ್ತಾರೆ, ಬೇರೆ ಯಾವ ವಿಷಯವನ್ನೂ ತೆಗೆದುಕೊಳ್ಳುವುದಿಲ್ಲ. ಸ್ಥಾಯಿ ಸಮಿತಿಗಳಿಗೂ ಹೊಸ ಸದಸ್ಯರು ಬರುತ್ತಾರೆ.

ಮನೆ 29 (9:20)
ಹಾಗಾದರೆ 43ನೇ ವಿಷಯ?

ಮನೆ 45 (9:21)
ಅದರ ಮುಂದಿನ ಸಭೆಗೆ. ದಿನಾಂಕ ಗೊತ್ತಾಗಿಲ್ಲ. ಹೊಸ ಕಾರ್ಯಸೂಚಿಯಲ್ಲಿ ಸಂಖ್ಯೆಯೂ ಬದಲಾಗುತ್ತದೆ.

ಮನೆ 38 (9:30)
ಬೆಂಗಳೂರಿನವರಿಗೆ 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಸಭೆಯೇ ಇಲ್ಲವಾಯಿತು, ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ನಮ್ಮಲ್ಲಿ ಸಭೆಯಾದರೂ ಇದೆ. ಅಲ್ಲಿ ಕೂಗಿ ಕೇಳದೆ ಸುಮ್ಮನಿದ್ದರೆ ಅದು ನಮ್ಮದೇ ತಪ್ಪು. ದಿನಾಂಕ ಗೊತ್ತಾದ ತಕ್ಷಣ ತಿಳಿಸಿ, ಐದನೆಯವನು ನಾನು.

ಮನೆ 2 (9:48)
ನಾನು ಮೊದಲೇ ಹೇಳಿದ್ದೆ, ಆತುರ ಬೇಡ ಎಂದು. ಹೊಸ ಮೇಯರ್ ಅಧಿಕಾರ ವಹಿಸಿಕೊಂಡ ಮೇಲೆ ಸಂಘದ ವತಿಯಿಂದ ಹಾರ ಹಾಕಿ, ಅಭಿನಂದಿಸಿ, ಅದೇ ಸಂದರ್ಭದಲ್ಲಿ ಮನವಿ ಕೊಡೋಣ. ಹಾರದ ವ್ಯವಸ್ಥೆ ನಾನು ಮಾಡುತ್ತೇನೆ.

ಮನೆ 22, 2ನೇ ಅಡ್ಡರಸ್ತೆ (10:15)
ಬೇರೆ ಯಾರಿಗಾದರೂ ಹೀಗಾಗಿದೆಯೇ? ಇಂದು ಬೆಳಿಗ್ಗೆ ಬಂದ ನಲ್ಲಿ ನೀರು ವಾಸನೆ ಬರುತ್ತಿದೆ. ಬಣ್ಣವೂ ಹಳದಿ. ಸಂಪ್ ತುಂಬಿದ ಮೇಲೆ ನೋಡಿದೆ.

ಮನೆ 54 (10:17)
ನಮ್ಮಲ್ಲಿಯೂ. ಮಗುವಿಗೆ ಅದರಲ್ಲೇ ಸ್ನಾನ ಮಾಡಿಸಿದೆವು.

ಮನೆ 17 (10:22)
ಕುಡಿಯಬೇಡಿ. ಹುಣಸೆಮರದ ಹತ್ತಿರ ನೀರಿನ ಕೊಳವೆ ಒಳಚರಂಡಿಯ ಪಕ್ಕದಲ್ಲೇ ಹೋಗಿದೆ. ಉಕ್ಕಿದ ಕೊಳಚೆ ಸುತ್ತ ನಿಂತಿರುವಾಗ ನೀರು ಬಿಡದ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡ ಇರುವುದಿಲ್ಲ, ಒಡಕಿದ್ದರೆ ಹೊರಗಿನದು ಒಳಗೆ ಸೇರುತ್ತದೆ. ಎರಡೂ ಒಂದೇ ರೋಗ. ಇದನ್ನೂ ಅರ್ಜಿಯಲ್ಲಿ ಸೇರಿಸುತ್ತೇನೆ.

ಮನೆ 61 (10:25)
ಅರ್ಜಿ ಆಮೇಲೆ. ಸಂಪ್ ತೊಳೆಸುವವರ ನಂಬರ್ ಯಾರಲ್ಲಿದೆ? ಇಂದು ಸಂಜೆಯೊಳಗೆ ಟ್ಯಾಂಕರ್ ಬೇಕು.

ಮನೆ 2 (10:27)
ಟ್ಯಾಂಕರಿನವರು ನನಗೆ ಪರಿಚಯ. ಬೇಕಾದವರು ಹೆಸರು ಬರೆಯಿರಿ. 1. ಮನೆ 2.

ಮನೆ 61 (10:27)
2. ಮನೆ 61

ಮನೆ 22 (10:28)
3. ಮನೆ 22. ಎರಡು ಲೋಡ್.

ಮನೆ 54 (10:28)
4. ಮನೆ 54

ಮನೆ 8 (10:29)
5. ಮನೆ 8. ಪಕ್ಕದ ಮನೆಯವರದ್ದೂ ಸೇರಿಸಿ.

ಮನೆ 29 (10:36)
ಇಲ್ಲಿ ಹದಿನಾಲ್ಕು ಹೆಸರಾಯಿತು. ಗ್ಯಾಲರಿಯ ಪಟ್ಟಿಯಲ್ಲಿ ಇನ್ನೂ ಐದೇ ಇದೆ.

ಮನೆ 31 (10:50)
15. ಮನೆ 31. ಅಮ್ಮ ಭಾನುವಾರ ಮರಳಿ ಬರುತ್ತಾರೆ, ಅಷ್ಟರಲ್ಲಿ ಮನೆ ತೊಳೆಯಬೇಕು. ಅರ್ಜಿಯ ಪ್ರತಿ ನಮ್ಮ ಮನೆಯಲ್ಲಿದೆ. ಸಹಿ ಹಾಕುವವರು ಸಂಜೆ 6ರ ನಂತರ ಬನ್ನಿ, ಗೇಟು ತೆರೆದಿರುತ್ತದೆ.

ಮನೆ 8 (10:52)
ಟ್ಯಾಂಕರ್ ಎಷ್ಟು ಲೀಟರಿನದು?