ಬಯಲಿನಲ್ಲಿ ಓಡುವ ಬೆಲ್ಟ್: ಮೇಸ್ತ್ರಿಯವರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ಶರಣು. ಖಡಿ ಮಷೀನ್ (ಕಲ್ಲು ಪುಡಿಮಾಡುವ ಯಂತ್ರ), ಸುಣ್ಣಕಲ್ಲು ಗಣಿ, ದಾಲ್‌ಮಿಲ್ ನಡೆಸುವವರ ಈ ಗುಂಪಿನಲ್ಲಿ ಇಂದು ಸಂಜೆ ಬೆಲ್ಟ್ ಜಾಯಿಂಟ್ ಮೇಸ್ತ್ರಿಯವರು ಉತ್ತರ ಕೊಡುತ್ತಾರೆ. ಸೇಡಂ, ವಾಡಿ, ಶಹಾಬಾದ್ ಕಡೆ ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವರು. ಸರಕು ಸಾಗಿಸುವ ರಬ್ಬರ್ ಬೆಲ್ಟ್ (ಕನ್ವೇಯರ್) ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ಜೇವರ್ಗಿ ಸದಸ್ಯ: ಶರಣು ಮೇಸ್ತ್ರಿಯವರೇ. ನಮ್ಮ ಖಡಿ ಮಷೀನಿನ ಬೆಲ್ಟ್ ಹಾಕಿ ಎರಡೇ ವರ್ಷವಾಗಿದೆ. ಮೈಮೇಲೆಲ್ಲ ಸಣ್ಣ ಸೀಳುಗಳು ಬಿದ್ದಿವೆ. ನಮ್ಮ ಬಿಸಿಲಿಗೆ ಹೀಗಾಯಿತೇ?

ಮೇಸ್ತ್ರಿ: ಶರಣು. ಸೀಳು ಉದ್ದಕ್ಕಿವೆಯೋ ಅಡ್ಡಕ್ಕಿವೆಯೋ?

ಜೇವರ್ಗಿ ಸದಸ್ಯ: ಅಡ್ಡಕ್ಕೆ. ಡ್ರಮ್ಮಿಗೆ ಸುತ್ತಿಕೊಂಡಿದ್ದ ಜಾಗದಲ್ಲಿ ಹೆಚ್ಚು. ಕಳೆದ ವರ್ಷ ನಾಲ್ಕು ತಿಂಗಳು ಮಷೀನ್ ನಿಂತಿತ್ತು.

ಮೇಸ್ತ್ರಿ: ಹಾಗಾದರೆ ಬಿಸಿಲಿಗಿಂತ ದೊಡ್ಡ ಕಳ್ಳ ಓಝೋನ್. ಗಾಳಿಯಲ್ಲಿ ಅದು ಇರುವುದು ಅತ್ಯಲ್ಪ, ಆದರೆ ಎಳೆದು ನಿಂತ ರಬ್ಬರನ್ನು ಹುಡುಕಿ ಸೀಳುತ್ತದೆ, ಎಳೆತಕ್ಕೆ ಅಡ್ಡವಾಗಿ. ಡ್ರಮ್ಮಿನ ಮೇಲೆ ಬಾಗಿ ನಾಲ್ಕು ತಿಂಗಳು ನಿಂತ ಬೆಲ್ಟಿನ ಹೊರಮೈ ಅಷ್ಟು ದಿನವೂ ಎಳೆದೇ ಇತ್ತು. ಬಿಸಿಲಿನ ಅತಿನೇರಳೆ ಕಿರಣವನ್ನು ಬೆಲ್ಟಿನ ಕಪ್ಪು, ಅಂದರೆ ಕಾರ್ಬನ್ ಬ್ಲ್ಯಾಕ್, ಬಹುಮಟ್ಟಿಗೆ ತಡೆಯುತ್ತದೆ. ಇನ್ನು ಮುಂದೆ ಮಷೀನ್ ನಿಲ್ಲಿಸಿದರೆ ಬೆಲ್ಟ್ ಬಿಗಿ ಹಿಡಿಯುವ ಟೇಕಪ್ ಸಡಿಲಿಸಿ, ವಾರಕ್ಕೊಮ್ಮೆ ಕಾಲು ಗಂಟೆ ಖಾಲಿ ಓಡಿಸಿ. ಸೀಳಿನೊಳಗೆ ಬಟ್ಟೆಯ ಪದರ ಕಾಣುತ್ತಿಲ್ಲವೆಂದರೆ ಓಡಲಿ. ಕಾಣುತ್ತಿದ್ದರೆ ಮಳೆಗೆ ಮೊದಲೇ ಆ ತುಂಡು ತೆಗೆಸಿ. ಬಟ್ಟೆಗೆ ನೀರು ಇಳಿದರೆ ಪದರಗಳು ಬಿಟ್ಟುಕೊಳ್ಳುತ್ತವೆ.

ಇನ್ನೊಂದು ಮಾತು. ಹೊಸ ಬೆಲ್ಟಿನ ಮೇಲೆ ಬೂದಿ ಬಳಿದಂತೆ ಬಿಳುಪು ಕಾಣುತ್ತದಲ್ಲ, ಅದನ್ನು ಕೆಲವರು ಸೋಪು ಹಾಕಿ ತಿಕ್ಕಿಸುತ್ತಾರೆ. ಅದು ಕೊಳೆಯಲ್ಲ, ಓಝೋನ್ ತಡೆಯಲೆಂದೇ ರಬ್ಬರಿನಲ್ಲಿ ಬೆರೆಸಿದ ಮೇಣ ಹೊರಬಂದಿರುತ್ತದೆ. ದುಡ್ಡು ಕೊಟ್ಟು ಕೊಂಡದ್ದನ್ನು ಕೂಲಿ ಕೊಟ್ಟು ತೊಳೆಸುತ್ತೀರಿ.

ಆಳಂದ ಸದಸ್ಯ: ಫಾರ್ವರ್ಡ್ ಮಾಡಿದ ಸಂದೇಶ: «ಹಳೆಯ ಇಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ತಿಂಗಳಿಗೊಮ್ಮೆ ಬೆಲ್ಟಿಗೆ ಬಳಿಯಿರಿ, ಹತ್ತು ವರ್ಷ ಸೀಳುವುದಿಲ್ಲ. ಎಲ್ಲರಿಗೂ ತಿಳಿಸಿ.»

ಮೇಸ್ತ್ರಿ: ಯಾರಿಗೂ ತಿಳಿಸಬೇಡಿ. ಎಣ್ಣೆ, ಡೀಸೆಲ್ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಎರಡು ದಿನ ಹೊಳೆಯುತ್ತದೆ, ನಿಜ.

ಹುಮನಾಬಾದ್ ಸದಸ್ಯ: ಸರ್, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಸಾಗಿಸುವ ಬೆಲ್ಟಿಗೆ ಬೆಂಕಿ ತಡೆಯುವ ರಬ್ಬರ್ ಬೇಕೇ, ಸಾಮಾನ್ಯದ್ದು ಸಾಕೇ?

ಚಿತ್ತಾಪುರ ಸದಸ್ಯ: ಕಾಕಾ, ನನ್ನ ಸಮಸ್ಯೆ ವಿಚಿತ್ರವಾಗಿದೆ. 110 ಮೀಟರ್ ಲೈನು, 800 ಎಂಎಂ ಬೆಲ್ಟ್, ನಾಲ್ಕು ಪದರ ಬಟ್ಟೆ, ತುದಿಗಳನ್ನು ಕಾಯಿಸಿ ಬೆಸೆದ ಬಿಸಿ ಜಾಯಿಂಟ್. ಮಳೆಗಾಲದಿಂದ ಸಂಕ್ರಾಂತಿಯವರೆಗೆ ದಾರ ಹಿಡಿದಂತೆ ಓಡುತ್ತದೆ. ಯುಗಾದಿ ದಾಟಿತೆಂದರೆ ಎಡಕ್ಕೆ ಜಾರಿ ಫ್ರೇಮಿಗೆ ಉಜ್ಜುತ್ತದೆ. ಬೆಲ್ಟ್ ಸರಿಯಿಲ್ಲವೆಂದು ಎರಡು ಸಲ ಬದಲಿಸಿದೆವು. ಈ ವರ್ಷವೂ ಅದೇ ಕಥೆ.

ಮೇಸ್ತ್ರಿ: ಬೆಲ್ಟಿನ ಒಂದೇ ಭಾಗ ಲೈನುದ್ದಕ್ಕೂ ಜಾರುತ್ತದೆಯೋ, ಇಡೀ ಬೆಲ್ಟ್ ಒಂದೇ ಜಾಗಕ್ಕೆ ಬಂದಾಗ ಜಾರುತ್ತದೆಯೋ?

ಚಿತ್ತಾಪುರ ಸದಸ್ಯ: ಒಂದೇ ಜಾಗ. ಫ್ರೇಮಿನ ಆರನೆಯ ಕಾಲಿನ ಹತ್ತಿರ.

ಮೇಸ್ತ್ರಿ: ಎರೆ ಭೂಮಿಯೇ? ಆ ಕಾಲಿನ ಬಳಿ ನೀರಿನ ಟ್ಯಾಂಕ್, ಪೈಪ್ ಏನಾದರೂ ಇದೆಯೇ?

ಚಿತ್ತಾಪುರ ಸದಸ್ಯ: ಎರೆಯೇ. ಧೂಳಿಗೆ ಸಿಂಪಡಿಸುವ ನೀರಿನ ಟ್ಯಾಂಕ್ ಬಲಗಡೆ ಇದೆ. ಸ್ವಲ್ಪ ಸೋರುತ್ತದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಮೇಸ್ತ್ರಿ: ಎಲ್ಲ ಸಂಬಂಧವೂ ಅದಕ್ಕೇ. ಒಂದೇ ಭಾಗ ಎಲ್ಲ ಕಡೆ ಜಾರಿದರೆ ಬೆಲ್ಟಿನದೋ ಜಾಯಿಂಟಿನದೋ ತಪ್ಪು, ನನ್ನಂಥವನನ್ನು ಹಿಡಿದು ಬಯ್ಯಿರಿ. ಎಲ್ಲ ಭಾಗವೂ ಒಂದೇ ಜಾಗದಲ್ಲಿ ಜಾರಿದರೆ ತಪ್ಪು ಆ ಜಾಗದ್ದು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯ ಹೊಲದಲ್ಲಿ ಎಮ್ಮೆಯ ಕಾಲು ಸಿಕ್ಕಿಕೊಳ್ಳುವ ಬಿರುಕನ್ನು ನೀವು ನನಗಿಂತ ಹೆಚ್ಚು ನೋಡಿದ್ದೀರಿ. ನಿಮ್ಮ ಬಲಗಾಲಿನ ಬುಡ ಟ್ಯಾಂಕಿನ ಸೋರಿಕೆಯಿಂದ ವರ್ಷವಿಡೀ ಹಸಿ, ಎಡಗಾಲಿನ ಬುಡ ಏಪ್ರಿಲ್ ಹೊತ್ತಿಗೆ ಒಣಗಿ ಕೆಳಗಿಳಿಯುತ್ತದೆ. ಫ್ರೇಮ್ ಎಡಕ್ಕೆ ವಾಲುತ್ತದೆ, ಬೆಲ್ಟ್ ತಗ್ಗಿನ ಕಡೆಗೆ ಸರಿಯುತ್ತದೆ. ಮಳೆ ಬಂದರೆ ಎರಡೂ ಬುಡ ಹಸಿ, ಮತ್ತೆ ಸಮ. ಎರಡು ಬೆಲ್ಟ್ ಸುಮ್ಮನೆ ಬದಲಿಸಿದಿರಿ ಎಂದೇ ನನ್ನ ಅನುಮಾನ.

ನಂಬಬೇಡಿ, ಅಳೆಯಿರಿ. ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪಿಗೆ ನೀರು ತುಂಬಿ ಆರನೆಯ ಕಾಲಿನ ಎರಡೂ ಕಡೆ ಗುರುತು ಹಾಕಿ. ವ್ಯತ್ಯಾಸ ಸಿಕ್ಕರೆ ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ತಗ್ಗಾದ ಕಾಲಿನ ಬೇಸ್ ಪ್ಲೇಟ್ ಕೆಳಗೆ ಕಬ್ಬಿಣದ ಪಟ್ಟಿ ಕೊಟ್ಟು ಮಟ್ಟ ಮಾಡಿ. ಮಳೆಗಾಲದಲ್ಲಿ ಮತ್ತೆ ನೋಡಬೇಕಾಗುತ್ತದೆ. ಹೊಸ ಲೈನು ಹಾಕುವವರು ಎರೆಯಲ್ಲಿ ಎರಡಡಿ ಗುಂಡಿ ತೋಡಿ ಕಾಂಕ್ರೀಟ್ ಸುರಿಯಬೇಡಿ. ಬುಡ ಅಗಲಿಸಿದ ಅಂಡರ್‌ರೀಮ್ಡ್ ಪೈಲ್ (ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಇರುವುದೇ ಈ ಮಣ್ಣಿಗಾಗಿ. ಮಣ್ಣು ಉಬ್ಬಿ ಕುಗ್ಗುವ ಆಳ ದಾಟಿ ಅದು ಕೆಳಗಿಳಿಯಬೇಕು, ಸಾಮಾನ್ಯವಾಗಿ ಮೂರೂವರೆ ಮೀಟರ್. ಇಂಜಿನಿಯರ್‌ರನ್ನು ಕೇಳಿ ಹಾಕಿಸಿ.

ಶಹಾಪುರ ಸದಸ್ಯ: ಬೆಲ್ಟ್ ಮೇಲೆ ಅಡ್ಡ ಸೀಳು ಬಂದಿದೆ. ಕಾರಣ?

ಮೇಸ್ತ್ರಿ: ಮೇಲೆ ಓದಿ.

ಯಾದಗಿರಿ ಸದಸ್ಯ: ದೊಡ್ಡ ಕಾರ್ಖಾನೆಗಳು ತೆಗೆದು ಹಾಕಿದ ಬೆಲ್ಟ್ ನನ್ನಲ್ಲಿ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತದೆ. ಸವೆದ ಮೈ ಕೆಳಗೆ ಮಾಡಿ ಹಾಕಿದರೆ ಹೊಸದರಂತೆ ಓಡುತ್ತದೆ.

ಕಲಬುರಗಿ ದಾಲ್‌ಮಿಲ್ ಸದಸ್ಯ: ನಿಮ್ಮ ಹತ್ತಿರವೇ ಕೊಂಡೆವು. ಆರು ತಿಂಗಳಿಗೆ ಬಟ್ಟೆ ಹೊರಗೆ ಬಂತು.

ಯಾದಗಿರಿ ಸದಸ್ಯ: ನೀವು ಕೊಂಡದ್ದು ದನದ ಕೊಟ್ಟಿಗೆಗೆ ಹಾಸಲು ಇಟ್ಟಿದ್ದ ರಾಶಿಯಿಂದ. ಬೇಡವೆಂದು ಹೇಳಿದ್ದೆ.

ಕಲಬುರಗಿ ದಾಲ್‌ಮಿಲ್ ಸದಸ್ಯ: ಹೇಳಿರಲಿಲ್ಲ. ರಸೀದಿಯನ್ನೂ ಕೊಟ್ಟಿರಲಿಲ್ಲ.

ಯಾದಗಿರಿ ಸದಸ್ಯ: ಆ ಬೆಲೆಗೆ ರಸೀದಿ ಬೇರೆ!

ಅಡ್ಮಿನ್: ಇಬ್ಬರೂ ಫೋನಿನಲ್ಲಿ ಮಾತನಾಡಿಕೊಳ್ಳಿ, ದಯವಿಟ್ಟು.

ಮೇಸ್ತ್ರಿ: ಮಗುಚಿ ಹಾಕುವ ವಿಷಯಕ್ಕೆ ಒಂದೇ ಮಾತು. ಸರಕು ಹೊರುವ ಮೇಲ್ಮೈಗೆ ಐದು ಮಿಲಿಮೀಟರ್ ರಬ್ಬರ್ ಇದ್ದರೆ ಕೆಳಗಿರುವುದು ಎರಡೋ ಮೂರೋ. ಆ ಎರಡು ಮಿಲಿಮೀಟರಿನ ಮೇಲೆ ಖಡಿ ಬೀಳಿಸುತ್ತೀರಿ. ದಾಲ್‌ಮಿಲ್ಲಿನವರೇ, ನಿಮ್ಮ ಬೆಲ್ಟ್ ಮೇಲೆ ಎಣ್ಣೆ ಹಚ್ಚಿದ ತೊಗರಿ ಹೋಗುತ್ತದೆಯೇ?

ಕಲಬುರಗಿ ದಾಲ್‌ಮಿಲ್ ಸದಸ್ಯ: ಹೌದು, ಅಂಗಳದಲ್ಲಿ ಒಣಗಿಸಲು ಅದರ ಮೇಲೆಯೇ ಕಳಿಸುತ್ತೇವೆ.

ಮೇಸ್ತ್ರಿ: ಹಾಗಾದರೆ ಜಗಳದಲ್ಲಿ ಅರ್ಧ ತಪ್ಪು ನಿಮ್ಮದು. ಎಣ್ಣೆ ತಡೆಯುವ ನೈಟ್ರೈಲ್ ಬೆಲ್ಟ್ ಹಾಕಿ. ಸಿಮೆಂಟ್ ಕಾರ್ಖಾನೆಯ ಬೆಲ್ಟ್ ಕಲ್ಲಿಗೆ ಮಾಡಿದ್ದು, ತಿನ್ನುವ ಬೇಳೆಗಲ್ಲ.

ಹುಮನಾಬಾದ್ ಸದಸ್ಯ: ಸರ್, ಸಿಪ್ಪೆಯ ಬೆಲ್ಟ್ ಪ್ರಶ್ನೆ?

ಸೇಡಂ ಸದಸ್ಯ: ಮಳೆಯಲ್ಲಿ ಬೆಲ್ಟ್ ಎಳೆಯುವ ಹೆಡ್ ಡ್ರಮ್ ತಿರುಗುತ್ತದೆ, ಬೆಲ್ಟ್ ನಿಂತಲ್ಲೇ ನಿಲ್ಲುತ್ತದೆ. ರಾಳ ಪುಡಿ ಎರಚಿದರೆ ಹಿಡಿಯುತ್ತದೆ ಎಂದು ಸಂದೇಶ ಬಂದಿದೆ.

ಮೇಸ್ತ್ರಿ: ಈ ಸಂದೇಶಗಳನ್ನು ಯಾರು ಬರೆಯುತ್ತಾರೋ ತಿಳಿಯದು. ಬರೆದವರು ಓಡುವ ಡ್ರಮ್ಮಿನ ಮುಂದೆ ನಿಂತು ಒಮ್ಮೆ ಎರಚಿ ತೋರಿಸಲಿ. ರಾಳ ಕಲ್ಲಿನ ಧೂಳಿನೊಂದಿಗೆ ಸೇರಿ ಗಟ್ಟಿಯಾಗಿ ಡ್ರಮ್ಮನ್ನೇ ಉಬ್ಬುತಗ್ಗು ಮಾಡುತ್ತದೆ. ಡ್ರಮ್ಮಿಗೆ ವಜ್ರಾಕಾರದ ಗೀರುಳ್ಳ ರಬ್ಬರ್ ಹೊದಿಕೆ (ಲ್ಯಾಗಿಂಗ್) ಹಾಕಿಸಿ, ನೀರು ಗೀರಿನಲ್ಲಿ ಹರಿದುಹೋಗುತ್ತದೆ. ಟೇಕಪ್ ತೂಕ ನೋಡಿ. ಬೆಲ್ಟಿಗೆ ಅಂಟಿದ್ದನ್ನು ಕೆರೆಯುವ ಸ್ಕ್ರ್ಯಾಪರ್ ಸವೆದಿದ್ದರೆ ಬದಲಿಸಿ.

ಆಳಂದ ಸದಸ್ಯ: ನಮ್ಮ ಅಜ್ಜನ ಕಾಲದಿಂದ ಹಿಟ್ಟಿನ ಗಿರಣಿಯ ಪಟ್ಟಿಗೆ ರಾಳ ಹಾಕುತ್ತಿದ್ದೇವೆ. ಎಲ್ಲ ತಿಳಿದವರಂತೆ ಮಾತನಾಡಬೇಡಿ.

ಮೇಸ್ತ್ರಿ: ಗಿರಣಿಯ ಪಟ್ಟಿ ಚಕ್ರ ತಿರುಗಿಸುತ್ತದೆ, ಕಲ್ಲು ಹೊರುವುದಿಲ್ಲ. ಅಜ್ಜನವರಿಗೆ ನಮಸ್ಕಾರ ತಿಳಿಸಿ.

ಚಿತ್ತಾಪುರ ಸದಸ್ಯ: ಕಾಕಾ, ಅಳೆಸಿದೆ. ಎಡಗಾಲು ಮೂರು ಸೆಂಟಿಮೀಟರ್ ತಗ್ಗು! ನಾಳೆ ಪ್ಲಂಬರ್ ಬರುತ್ತಾನೆ. ಅಲ್ಲಿಯವರೆಗೆ ಒಬ್ಬ ಹುಡುಗನನ್ನು ನಿಲ್ಲಿಸಿದ್ದೇನೆ, ಬೆಲ್ಟ್ ಜಾರಿದಾಗ ಪೈಪಿನಿಂದ ಒತ್ತಿ ಹಿಡಿಯುತ್ತಾನೆ.

ಮೇಸ್ತ್ರಿ: ಈ ಕ್ಷಣ ನಿಲ್ಲಿಸಿ. ಲೈನನ್ನೂ, ಹುಡುಗನನ್ನೂ. ಸೆಕೆಂಡಿಗೆ ಒಂದೂವರೆ ಮೀಟರ್ ಓಡುವ ಬೆಲ್ಟಿಗೆ ಒಂದು ತೋಳು ಎಳೆದುಕೊಳ್ಳಲು ಅರ್ಧ ಸೆಕೆಂಡು ಸಾಕು, ಕೂಗುವುದಕ್ಕೂ ಸಮಯವಿರುವುದಿಲ್ಲ. ಪೈಪು ರೋಲರಿಗೆ ಸಿಕ್ಕರೆ ಹಿಡಿದವನನ್ನೂ ಎಳೆಯುತ್ತದೆ. ನನ್ನ ಜೊತೆಗಾರನೊಬ್ಬನ ಎಡಗೈ ಮೊಣಕೈವರೆಗೆ ಹೋದದ್ದು ಹಿಂತುದಿಯ ಟೇಲ್ ಡ್ರಮ್ಮಿನಲ್ಲಿ. ಮಣ್ಣು ಕೆರೆಯಲು ಹೋಗಿದ್ದ, ಗಾರ್ಡ್ ಬಿಚ್ಚಿಟ್ಟಿದ್ದರು. 1948ರ ಕಾರ್ಖಾನೆ ಕಾಯಿದೆಯ 21ನೇ ಕಲಂ ಅಂದೇ ಓಡುವ ಯಂತ್ರಕ್ಕೆ ಬೇಲಿ ಹಾಕಿ ಎಂದಿತ್ತು, ನೀವು ಹುಡುಗನನ್ನು ಹಾಕಿದ್ದೀರಿ. ನಿಮ್ಮ ಲೈನಿನಲ್ಲಿ ಎಳೆದರೆ ನಿಲ್ಲುವ ಹಗ್ಗದ ಸ್ವಿಚ್ ಇದೆಯೇ?

ಚಿತ್ತಾಪುರ ಸದಸ್ಯ: ಇದೆ. ಪದೇ ಪದೇ ನಿಲ್ಲುತ್ತದೆಂದು ಕಟ್ಟಿಟ್ಟಿದ್ದಾರೆ.

ಮೇಸ್ತ್ರಿ: ಬಿಚ್ಚಿ. ಬಿಚ್ಚಿದ ಫೋಟೋ ಇಲ್ಲಿ ಹಾಕಿ. ಅದು ಬರುವವರೆಗೆ ಬೇರೆ ಯಾರಿಗೂ ಉತ್ತರಿಸುವುದಿಲ್ಲ.

ಶಹಾಪುರ ಸದಸ್ಯ: ಮೇಲೆ ಓದಿದೆ. ಮೇಣ ತೊಳೆದುಬಿಟ್ಟಿದ್ದೇವೆ, ಈಗ ಏನು ಬಳಿಯಬೇಕು?

ಹುಮನಾಬಾದ್ ಸದಸ್ಯ: ಮೂರನೆಯ ಸಲ ಕೇಳುತ್ತಿದ್ದೇನೆ.

ಚಿತ್ತಾಪುರ ಸದಸ್ಯ: ಲೈನು ನಿಲ್ಲಿಸಿದೆ ಕಾಕಾ. ಹುಡುಗ ಊಟಕ್ಕೆ ಹೋದ. ಹಗ್ಗ ಬಿಚ್ಚಿದ ಫೋಟೋ ಹಾಕಿದ್ದೇನೆ, ನೋಡಿ.

ಮೇಸ್ತ್ರಿ: ನೋಡಿದೆ. ಎಡಗಡೆಯದು ಇನ್ನೂ ಕಟ್ಟಿದೆ.