ವಿಚ್ಛೇದನ ಆಗಿದ್ದರೂ ಅಣ್ಣನ ಹಳೇ ವಿಲ್‌ನಲ್ಲಿ ಮೊದಲ ಹೆಂಡತಿ ಹೆಸರೇ ಇದೆ, ಏನು ಮಾಡೋದು?

ಹಾಸನದ ತಮ್ಮ:
ನಮ್ಮಣ್ಣ ಮೂರು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡ. 2011ರಲ್ಲಿ ಸ್ವಂತ ದುಡಿಮೆಯಲ್ಲಿ ಮೈಸೂರಿನಲ್ಲಿ ಮನೆ ತೆಗೆದುಕೊಂಡಿದ್ದ. ಆಗಲೇ ಮನೆ ಪೂರ್ತಿ ಹೆಂಡತಿಗೆ ಅಂತ ವಿಲ್ ಬರೆದು ರಿಜಿಸ್ಟರ್ ಕೂಡ ಮಾಡಿಸಿದ್ದ. 2016ರಲ್ಲಿ ಇಬ್ಬರೂ ಒಪ್ಪಿ ವಿಚ್ಛೇದನ ಆಯಿತು. 2018ರಲ್ಲಿ ಅಣ್ಣ ಮತ್ತೆ ಮದುವೆಯಾದ. ಈಗಿನ ಅತ್ತಿಗೆಗೆ ಐದು ವರ್ಷದ ಮಗಳಿದ್ದಾಳೆ, ನಮ್ಮಮ್ಮನೂ ಅವರ ಜೊತೆಗೇ ಇದ್ದಾರೆ.

ಕಾರ್ಯ ಎಲ್ಲ ಮುಗಿದ ಮೇಲೆ ಅತ್ತಿಗೆ ಬೀರುವಿನಲ್ಲಿ ಎಲ್‌ಐಸಿ ಬಾಂಡ್ ಹುಡುಕುವಾಗ ಪ್ಲಾಸ್ಟಿಕ್ ಕವರಿನಲ್ಲಿ ಈ ವಿಲ್ ಸಿಕ್ಕಿತು. ಕೊನೇ ಹಾಳೆಯ ಹಿಂದೆ ಅಣ್ಣನ ಕೈಬರಹದಲ್ಲಿ, ಪೆನ್ಸಿಲಿನಲ್ಲಿ, ‘ಇದನ್ನು ಬದಲಾಯಿಸಬೇಕು’ ಅಂತ ಇದೆ. ಅಷ್ಟೇ. ಸಹಿ ಇಲ್ಲ, ತಾರೀಖಿಲ್ಲ. ಅತ್ತಿಗೆ ಆ ಹಾಳೆ ಹಿಡಿದುಕೊಂಡು ಸುಮ್ನೆ ಕೂತಿದ್ದರು. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಈಗ ಮೊದಲಿನವರ ಕಡೆಯಿಂದ ಲಾಯರ್ ನೋಟಿಸ್ ಬಂದಿದೆ. ವಿಚ್ಛೇದನ ಆದರೆ ವಿಲ್ ತಾನಾಗೇ ಬಿದ್ದು ಹೋಗುತ್ತದೆ ಅಲ್ವಾ? ಮಾವ ಒಬ್ಬರು ‘ಹರಿದು ಬಿಸಾಕು’ ಅನ್ನುತ್ತಿದ್ದಾರೆ.

ಸಿವಿಲ್ ವಕೀಲ, ಮೈಸೂರು:
ಮೊದಲು ಇದು ಕೇಳಿ, ದಯವಿಟ್ಟು ಹರಿಯಬೇಡಿ. ವಿಲ್ ನಾಶ ಮಾಡುವುದು ದೊಡ್ಡ ಅಪರಾಧ. ಸಾಲದ್ದಕ್ಕೆ ರಿಜಿಸ್ಟರ್ ಆದ ವಿಲ್‌ನ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇದ್ದೇ ಇರುತ್ತದೆ. ಬರೆದವರು ತೀರಿಕೊಂಡ ಮೇಲೆ ಯಾರು ಬೇಕಾದರೂ ಅದನ್ನು ಪಡೆಯಬಹುದು.

ನಿಮ್ಮ ಪ್ರಶ್ನೆಗೆ ಉತ್ತರ, ಬೇಜಾರಾದರೂ ಹೇಳಬೇಕು: ಇಲ್ಲ, ಬೀಳುವುದಿಲ್ಲ. ವಿಚ್ಛೇದನದಿಂದ ವಿಲ್ ರದ್ದಾಗುತ್ತದೆ ಅಂತ ನಮ್ಮ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಮದುವೆಯಾದರೆ ಹಳೇ ವಿಲ್ ರದ್ದು ಅಂತ 69ನೇ ಸೆಕ್ಷನ್ ಹೇಳುತ್ತದೆ, ಆದರೆ ಅದು ಹಿಂದೂಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಎರಡನೇ ಮದುವೆಯೂ ಕೈ ಹಿಡಿಯುವುದಿಲ್ಲ. ರದ್ದು ಮಾಡಬೇಕಾದರೆ ಅವರೇ ಹರಿಯಬೇಕಿತ್ತು, ಸುಡಬೇಕಿತ್ತು, ಇಲ್ಲಾ ಇಬ್ಬರು ಸಾಕ್ಷಿಗಳ ಮುಂದೆ ಬರೆದು ಸಹಿ ಹಾಕಬೇಕಿತ್ತು. ಪೆನ್ಸಿಲಿನ ಆ ಒಂದು ಸಾಲು ಸಾಲದು.

ಆದರೆ ದಾರಿ ಮುಚ್ಚಿಲ್ಲ. ಪರಸ್ಪರ ಒಪ್ಪಿಗೆ ಅರ್ಜಿಯಲ್ಲಿ ಆಸ್ತಿ ಬಗ್ಗೆ ಏನು ಬರೆದುಕೊಂಡಿದ್ದಾರೆ ನೋಡಿ. ‘ಮುಂದೆ ಒಬ್ಬರ ಆಸ್ತಿ ಮೇಲೆ ಇನ್ನೊಬ್ಬರು ಯಾವ ಹಕ್ಕೂ ಕೇಳುವುದಿಲ್ಲ’ ಅಂತ ಇದ್ದರೆ ಅದರ ಮೇಲೆ ವಾದ ಕಟ್ಟಬಹುದು. ಅದರಿಂದಲೇ ಗೆಲ್ಲುತ್ತೀರಿ ಅಂತಲ್ಲ, ಅಲ್ಲಿರುವ ಮಾತುಗಳ ಮೇಲೆ ನಿಂತಿದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ವಿಲ್‌ನಲ್ಲಿ ಏನೂ ಸಿಗದ ವಿಧವೆ, ಚಿಕ್ಕ ಮಗಳು, ತಾಯಿ ಇವರು ಆಸ್ತಿ ಪಡೆದವರಿಂದ ಜೀವನಾಂಶ ಕೇಳಬಹುದು. ಅಂದರೆ ಮನೆ ಅವರಿಗೆ ಹೋದರೂ ಮಗುವಿನ ಹಕ್ಕು ಪೂರ್ತಿ ಹೋಗುವುದಿಲ್ಲ.

ಖಾತೆ ಬದಲಾವಣೆಗೆ ಅವರು ಅರ್ಜಿ ಹಾಕುವ ಮೊದಲೇ ಪಾಲಿಕೆಗೆ ತಕರಾರು ಅರ್ಜಿ ಕೊಡಿ. ಪಿಎಫ್ ಬೇರೆ ಲೆಕ್ಕ. ಅಲ್ಲಿ ಮದುವೆಗೆ ಮೊದಲು ಮಾಡಿದ ನಾಮಿನೇಷನ್ ಮದುವೆಯಾದ ಮೇಲೆ ನಿಲ್ಲುವುದಿಲ್ಲ, ಅತ್ತಿಗೆ ತಡ ಮಾಡದೆ ಕ್ಲೇಮ್ ಹಾಕಲಿ.

ಲೆಸ್ಟರ್ ಕನ್ನಡಿಗ:
ಈ ಗೊಂದಲ ನಮ್ಮಂಥವರಿಗೆ ಇನ್ನೂ ಜಾಸ್ತಿ. ಇಂಗ್ಲೆಂಡಿನಲ್ಲಿ 1837ರ ವಿಲ್ಸ್ ಆಕ್ಟ್‌ನ 18ಎ ಸೆಕ್ಷನ್ ಪ್ರಕಾರ, ವಿಚ್ಛೇದನ ಆದ ದಿನವೇ ಆ ಗಂಡ ಅಥವಾ ಹೆಂಡತಿ ತೀರಿಕೊಂಡಂತೆ ಲೆಕ್ಕ ಹಿಡಿದು ವಿಲ್ ಓದುತ್ತಾರೆ. ಮತ್ತೆ ಮದುವೆಯಾದರೆ ಸಾಮಾನ್ಯವಾಗಿ ಇಡೀ ವಿಲ್ಲೇ ರದ್ದು. ಊರಿನ ಮನೆಗೂ ಇದೇ ನಡೆಯುತ್ತದೆ ಅಂತ ನಾನೂ ನಂಬಿಕೊಂಡಿದ್ದೆ. ಮೇಲಿನದನ್ನು ಓದಿದ ಮೇಲೆ ಮುಂದಿನ ಸಲ ಬಂದಾಗ ಹೊಸದು ಬರೆಸಿಯೇ ವಾಪಸ್ ಬರುತ್ತೇನೆ.

ತುಂಗಾ ತೀರ:
ನಾನು ಆ ಕಡೆಯವಳು. ನನ್ನ ಮಾಜಿ ಗಂಡನ ಹಳೇ ವಿಲ್‌ನಲ್ಲೂ ನನ್ನ ಹೆಸರೇ ಇತ್ತು, ಅವರು ತೀರಿಕೊಳ್ಳುವವರೆಗೂ ನನಗೆ ಗೊತ್ತಿರಲಿಲ್ಲ. ನಮ್ಮ ತವರಿನವರು ಬಿಡಬೇಡ ಅಂದರು. ನಾನು ಅವರ ಅಮ್ಮನಿಗೇ ಫೋನ್ ಮಾಡಿದೆ. ನಮಗೆ ಬೇರೆಯಾಗುವಾಗಲೇ ಲೆಕ್ಕ ತೀರಿತ್ತು, ಅದಕ್ಕೆ ಬೇಡ ಅಂತ ಬರೆದುಕೊಟ್ಟೆ. ಆಮೇಲೆ ವಿಲ್ಲೇ ಇಲ್ಲದಿದ್ದರೆ ಹೇಗೋ ಹಾಗೆ ತಾಯಿ, ಹೆಂಡತಿ, ಮಕ್ಕಳಿಗೆ ಸಮನಾಗಿ ಹೋಯಿತು. ನಿಮ್ಮ ಮೊದಲಿನ ಅತ್ತಿಗೆ ಕೆಟ್ಟವರು ಅಂತ ಈಗಲೇ ತೀರ್ಮಾನ ಮಾಡಬೇಡಿ. ನೋಟಿಸ್ ಕಳಿಸಿದ್ದು ಅವರ ಅಣ್ಣತಮ್ಮಂದಿರೂ ಇರಬಹುದು. ಒಂದು ಸಲ ನೇರವಾಗಿ ಮಾತಾಡಿ, ಅಮ್ಮನನ್ನೂ ಕರೆದುಕೊಂಡು ಹೋಗಿ.

ಹಾಸನದ ತಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಲ್ ಅದೇ ಕವರಿಗೆ ಹಾಕಿ ಒಳಗಿಟ್ಟಿದ್ದೇನೆ. ವಿಚ್ಛೇದನದ ಅರ್ಜಿಯ ಪ್ರತಿ ಮನೆಯಲ್ಲಿಲ್ಲ, ಸೋಮವಾರ ಫ್ಯಾಮಿಲಿ ಕೋರ್ಟಿನಲ್ಲಿ ಸರ್ಟಿಫೈಡ್ ಕಾಪಿಗೆ ಹಾಕುತ್ತೇನೆ. ತುಂಗಾ ತೀರ ಮೇಡಂ, ನಿಮ್ಮ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ‘ಅವಳ ನಂಬರ್ ನನ್ನ ಹತ್ತಿರ ಇನ್ನೂ ಇದೆ’ ಅಂದರು.